ಜಾತ್ರೆ, ಹಬ್ಬಗಳೂ ವ್ಯವಸಾಯ ಪ್ರಚಾರವೂ

ರೈತನಿಗೆ ಹೇಳತಕ್ಕ ಮಾತು ಎಷ್ಟೇ ಹಿತವಾಗಿರಲಿ, ಅದು ಸಕಾಲದಲ್ಲಿ ಅವನ ಕಿವಿಗೆ ಬೀಳದಿದ್ದರೆ ಹೇಳಿದುದೂ ಒಂದೇ, ಹೇಳದುದೂ ಒಂದೇ. ಬಿತ್ತನೆಯ ಗಡ್ಡೆ ಭೂಮಿಯೊಳಗೆ ಸೇರಿದ ಮೇಲೆ ಬೀಜೋಪಚಾರದ ಭಾಷಣವೂ, ತೆಂಗಿನ ಗರಿಯೆಲ್ಲ ಸುಟ್ಟಂತೆ ಒಣಗಿದ ಮೇಲೆ ಹುಳುವಿನ ಚಿತ್ರಪಟವೂ ಯಾವ ಪ್ರಯೋಜನಕ್ಕೂ ಬಾರವು. ಅರಸೀಕೆರೆ, ಬೇಲೂರು ತಾಲ್ಲೂಕುಗಳಲ್ಲಿ ನಡೆಯುವ ಪ್ರಚಾರ ಕಾರ್ಯವನ್ನು ವಿಚಾರಿಸಿ ನೋಡಿದರೆ, ಕೊರತೆಯಿರುವುದು ಹೇಳತಕ್ಕ ವಿಷಯದಲ್ಲಲ್ಲ, ಹೇಳುವ ದಿನವನ್ನು ಗೊತ್ತುಮಾಡುವುದರಲ್ಲಿ ಎಂದು ತೋರುವುದು. ಈ ಕೆಲಸವು ಇಲಾಖೆಯವರೊಬ್ಬರಿಂದಲೇ ಆಗತಕ್ಕುದಲ್ಲ. ಗ್ರಾಮದ ಮುಖಂಡರೂ ಜಮೀನುದಾರರೂ ಕೈಗೂಡಿಸಿದ ಹೊರತು ಅದು ನೆಟ್ಟಗಾಗಲಾರದು.

ಜನರನ್ನು ಕರೆದು ಕೂಡಿಸುವುದಕ್ಕಿಂತ ಅವರು ತಾವಾಗಿಯೇ ಕೂಡಿರುವ ಎಡೆಗೆ ಹೋಗುವುದು ಸುಲಭ. ಇದನ್ನು ಹಳೆಯ ಮೈಸೂರು ಸರ್ಕಾರದವರು ಚೆನ್ನಾಗಿ ಅರಿತಿದ್ದರು. ದಿವಾನ್ ರಂಗಾಚಾರ್ಲು ಅವರು ೧೮೮೧ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ ಅದನ್ನು ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಕೂಡಿಸಿದರು. ತಾಲ್ಲೂಕುಗಳ ಪ್ರಮುಖ ರೈತರೂ ವರ್ತಕರೂ ಹೇಗೂ ಮಹೋತ್ಸವಕ್ಕೆ ಬರುವವರು. ಬಂದವರೊಡನೆ ರಾಜ್ಯದ ಕಷ್ಟಸುಖಗಳನ್ನು ಮಾತನಾಡುವುದಕ್ಕೆ ಅದಕ್ಕಿಂತ ತಕ್ಕ ವೇಳೆ ಬೇರೆಯಿರಲಿಲ್ಲ. ೧೯೧೩ರಲ್ಲಿ ಸಂಸ್ಥಾನದ ವ್ಯವಸಾಯ ಇಲಾಖೆಯು ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಆಡಳಿತದಲ್ಲಿ ಏರ್ಪಟ್ಟಿತು. ಜಾತ್ರೆಗಳಲ್ಲಿ ದನಗಳ ಪ್ರದರ್ಶನವನ್ನೂ ಸುಧಾರಿಸಿದ ಉಪಕರಣಗಳ ಪ್ರದರ್ಶನವನ್ನೂ ಏರ್ಪಡಿಸುವ ಪದ್ಧತಿಯು ಆ ಕಾಲದ ಸಂಸ್ಥಾನದಲ್ಲಿ ರೂಢಿಯಲ್ಲಿತ್ತು. ಹೊಸದಾಗಿ ಕಲಿಯತಕ್ಕುದು ಇದರಲ್ಲಿ ಏನೂ ಇಲ್ಲ; ಮರೆತುದನ್ನು ನೆನೆದರೆ ಸಾಕು.

ಈಚೆಗೆ ಪ್ರಚಾರದ ದಿನಗಳನ್ನು ಗೊತ್ತುಮಾಡುವುದು ಬಹುಮಟ್ಟಿಗೆ ದೂರದಲ್ಲಿ ನಿರ್ಣಯವಾದ ಆಚರಣೆಗಳು. ಡಿಸೆಂಬರ್ ೫ ವಿಶ್ವ ಮಣ್ಣಿನ ದಿನ, ಡಿಸೆಂಬರ್ ೨೩ ರೈತ ದಿನ, ಸೆಪ್ಟೆಂಬರ್ ೨ ವಿಶ್ವ ತೆಂಗು ದಿನ, ೨೦೨೪ರಿಂದೀಚೆಗೆ ಮೇ ೩೦ ಅಂತರರಾಷ್ಟ್ರೀಯ ಆಲೂಗೆಡ್ಡೆ ದಿನ. ಇವುಗಳನ್ನು ಆಚರಿಸಬಾರದೆಂದಲ್ಲ. ಆದರೆ ಹಳೇಬೀಡು ಹೋಬಳಿಯ ರೈತನು ಕೃತ್ತಿಕೆ, ರೋಹಿಣಿ ಮಳೆಗಳಲ್ಲಿ ಆಲೂಗೆಡ್ಡೆ ಬಿತ್ತುವವನು. ಮೇ ೩೦ ಎಂದರೆ ರೋಹಿಣಿ ಹುಟ್ಟಿ ಐದಾರು ದಿನಗಳಾಗಿರುವುವು. ಅಷ್ಟರಲ್ಲಿ ಗಡ್ಡೆಯನ್ನು ಕೊಂಡು, ಕತ್ತರಿಸಿ, ಬಹುಪಾಲು ಹೊಲಕ್ಕೆ ಹಾಕಿಯೂ ಆಗಿರುವುದು. ಆ ದಿನ ವೇದಿಕೆಯೇರಿ ಒಳ್ಳೆಯ ಬೀಜವನ್ನು ಆರಿಸಿರೆಂದು ಹೇಳುವುದು ಮದುವೆ ಮುಗಿದ ಮೇಲೆ ಜಾತಕ ನೋಡಿದಂತಾಗುವುದು. ತೆಂಗು ದಿನದ ಮಾತು ಬೇರೆ. ತೆಂಗಿಗೆ ಗೊಬ್ಬರದ ಎರಡನೆಯ ಕಂತನ್ನು ಕೊಡುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯಾದುದರಿಂದ ಸೆಪ್ಟೆಂಬರ್ ೨ ಅರಸೀಕೆರೆಗೆ ಹೇಳಿ ಮಾಡಿಸಿದಂತಿದೆ. ಹೀಗೆ ಒಂದೊಂದನ್ನೂ ಸ್ಥಳದ ಬೇಸಾಯದೊಡನೆ ತಾಳೆನೋಡಿ ಹಿಡಿಯುವುದೋ ಬಿಡುವುದೋ ಮಾಡಬೇಕಲ್ಲದೆ, ಮೇಲಿನಿಂದ ಸುತ್ತೋಲೆ ಬಂದಿತೆಂಬ ಒಂದೇ ಕಾರಣದಿಂದ ಶಾಮಿಯಾನ ಹಾಕಿಸುವುದು ಸರಿಯಲ್ಲ.

ಹಾಗಾದರೆ ಊರಿನ ಹಬ್ಬ ಜಾತ್ರೆಗಳನ್ನೇ ಹಿಡಿದರೆ ಸಾಕಲ್ಲವೆ ಎಂದು ಕೆಲವರು ಕೇಳಬಹುದು. ಇಲ್ಲಿಯೂ ಒಂದು ತೊಡಕುಂಟು. ಮಳೆ ನಕ್ಷತ್ರಗಳು ಸೂರ್ಯನ ಗತಿಯನ್ನು ಅನುಸರಿಸುವುವು. ಆದಕಾರಣ ಕೃತ್ತಿಕೆ ಪ್ರತಿವರ್ಷವೂ ಮೇ ೧೧ರ ಸುಮಾರಿಗೆ, ರೋಹಿಣಿ ೨೫ರ ಸುಮಾರಿಗೆ, ಪುನರ್ವಸು ಜುಲೈ ೬ರ ಸುಮಾರಿಗೆ ಹುಟ್ಟುವುದು. ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸ. ಜಾತ್ರೆಯಾದರೋ ಚಾಂದ್ರಮಾನದ ತಿಥಿಯನ್ನು ಹಿಡಿದು ನಡೆಯುವುದು. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಅಧಿಕಮಾಸ ಬಂದ ವರ್ಷ ಒಮ್ಮೆಗೇ ಹತ್ತೊಂಬತ್ತು ಇಪ್ಪತ್ತು ದಿನ ಮುಂದಕ್ಕೆ ಜಿಗಿಯುವುದು. ವಿಶ್ವಾವಸು ಸಂವತ್ಸರದ ಆಷಾಢ ಹುಣ್ಣಿಮೆಯು ೨೦೨೫ರ ಜುಲೈ ೧೦ರಂದು ಬಂದಿತು. ಪರಾಭವ ಸಂವತ್ಸರದಲ್ಲಿ ಜ್ಯೇಷ್ಠವು ಅಧಿಕವಾದುದರಿಂದ ಅದೇ ಹುಣ್ಣಿಮೆ ೨೦೨೬ರ ಜುಲೈ ೨೯ಕ್ಕೆ ಬೀಳುವುದು. ತಿಥಿಯು ಜನರು ಎಂದು ಸೇರುವರೆಂಬುದನ್ನು ತಿಳಿಸುವುದು; ನಕ್ಷತ್ರವು ಅವರಿಗೆ ಅಂದು ಏನು ಬೇಕೆಂಬುದನ್ನು ತಿಳಿಸುವುದು. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ, ಹೋದ ವರ್ಷ ಫಲಿಸಿದ ಪ್ರಚಾರವೇ ಈ ವರ್ಷ ವ್ಯರ್ಥವಾಗುವುದು.

ಬೇಲೂರಿನ ಚೆನ್ನಕೇಶವಸ್ವಾಮಿಯ ರಥೋತ್ಸವವು ಚೈತ್ರಮಾಸದಲ್ಲಿ, ಯುಗಾದಿ ಕಳೆದು ಎರಡು ವಾರಗಳೊಳಗೆ ನಡೆಯುವುದು. ಯುಗಾದಿಯು ೨೦೨೩ರಲ್ಲಿ ಮಾರ್ಚ್ ೨೨ರಂದೂ ೨೦೨೪ರಲ್ಲಿ ಏಪ್ರಿಲ್ ೯ರಂದೂ ಬಂದಿತು. ಎಂದರೆ ತೇರು ಒಂದು ವರ್ಷ ಏಪ್ರಿಲ್ ಮೊದಲಲ್ಲಿ, ಇನ್ನೊಂದು ವರ್ಷ ಏಪ್ರಿಲ್ ಮೂರನೆಯ ವಾರದಲ್ಲಿ. ಎಷ್ಟು ತಡವಾದರೂ ಅದು ಕೃತ್ತಿಕೆಗೆ ಎರಡು ವಾರ ಮುಂಚೆಯೇ ಆಗಿಹೋಗುವುದು. ಆದಕಾರಣ ಆಲೂಗೆಡ್ಡೆಯ ಬಿತ್ತನೆಗೆ ಸಂಬಂಧಿಸಿದ ಪ್ರಚಾರಕ್ಕೆ ಈ ಜಾತ್ರೆಯು ಯಾವ ವರ್ಷವೂ ತಪ್ಪದ ಸಂದರ್ಭ. ರೈತನು ಪಂಜಾಬಿನಿಂದ ಬರುವ ಬಿತ್ತನೆ ಗಡ್ಡೆಗೆ ಇನ್ನೂ ಹಣ ಕೊಟ್ಟಿರುವುದಿಲ್ಲ; ಕೇಳುವುದಕ್ಕೆ ಮನಸ್ಸೂ ಇರುವುದು. ಶೀತಲಗೃಹದಿಂದ ತೆಗೆದ ಗಡ್ಡೆಯನ್ನು ಒಂದು ವಾರಕ್ಕೆ ಮೇಲ್ಪಟ್ಟು ನೆರಳಿನಲ್ಲಿ ಹರಡಿ ಮೊಳಕೆ ಬರಿಸಬೇಕೆಂಬುದು, ಕೊಳೆತ ಗಡ್ಡೆಗೆ ತಗುಲಿದ ಕತ್ತಿಯನ್ನು ಔಷಧದ ನೀರಿನಲ್ಲಿ ಅದ್ದದೆ ಮುಂದಿನ ಗಡ್ಡೆಗೆ ಹಚ್ಚಬಾರದೆಂಬುದು, ಹೋಳೊಂದಕ್ಕೆ ಎರಡು ಮೂರು ಕಣ್ಣುಗಳಾದರೂ ಇರಬೇಕೆಂಬುದು, ಕತ್ತರಿಸಿದ ಹೋಳುಗಳನ್ನು ಮ್ಯಾಂಕೋಜೆಬ್ ಔಷಧದಿಂದ ಉಪಚರಿಸಿ ನೆರಳಿನಲ್ಲಿ ಆರಿಸಬೇಕೆಂಬುದು ಇವೆಲ್ಲವನ್ನೂ ಭಾಷಣದಲ್ಲಿ ಹೇಳಿದರೆ ಯಾರಿಗೂ ನೆನಪಿರಲಾರದು. ಒಂದು ಮಂಕರಿ ಗಡ್ಡೆಯನ್ನೂ ಒಂದು ಕತ್ತಿಯನ್ನೂ ಒಂದು ಬಕೀಟನ್ನೂ ಇಟ್ಟುಕೊಂಡು ಕಣ್ಣೆದುರಿಗೆ ಮಾಡಿತೋರಿಸಿದರೆ ಕಾಲುಗಂಟೆಯ ಕೆಲಸ. ಆ ಪ್ರಾಂತದಲ್ಲಿ ಆಲೂಗೆಡ್ಡೆಯ ವಿಸ್ತಾರ ಹಿಂದಿನಷ್ಟು ಉಳಿಯದೆ ಮುಸುಕಿನ ಜೋಳವೂ ಶುಂಠಿಯೂ ಅದರ ನೆಲವನ್ನು ಹಿಡಿದಿರುವುದಕ್ಕೆ ಅಂಗಮಾರಿ ರೋಗವೂ ಬೀಜದ ದೋಷವೂ ಕಾರಣಗಳೆಂಬುದನ್ನು ಬೇಲೂರು ಸೀಮೆಯ ಜಮೀನುದಾರರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ.

ಆದರೆ ತೇರು ಎಳೆಯುವ ದಿನವೇ ಪ್ರದರ್ಶನವನ್ನಿಟ್ಟುಕೊಳ್ಳುವುದು ಮೊದಲಿನಿಂದಲೂ ನಡೆಯುತ್ತಿರುವ ತಪ್ಪು. ಅಂದು ಭಕ್ತರ ಕಣ್ಣು ಕಲಶದ ಮೇಲಿರುವುದೇ ಹೊರತು ಕರಪತ್ರದ ಮೇಲಿರುವುದಿಲ್ಲ, ಇರಬೇಕಾದುದೂ ಇಲ್ಲ. ಹಿಂದಿನ ದಿನ ಬಂದಿಳಿದ ಜನರು ಅರವಟ್ಟಿಗೆಯ ನೆರಳಿನಲ್ಲಿ ಕುಳಿತು ಬೇರೆ ಊರಿನವರೊಡನೆ ಮಳೆಬೆಳೆಯ ವಿಚಾರ ಮಾತನಾಡುವುದುಂಟು. ಆ ಹೊತ್ತೇ ಹೊತ್ತು.

ಅರಸೀಕೆರೆ ತಾಲ್ಲೂಕಿನ ಮಾಲೇಕಲ್ಲು ತಿರುಪತಿಯ ಜಾತ್ರೆಯು ಇದಕ್ಕೆ ವಿರುದ್ಧವಾದ ಉದಾಹರಣೆ. ಅದು ಆಷಾಢದಲ್ಲಿ ನಡೆಯುವುದು. ಆಷಾಢವೆಂದರೆ ಬಯಲುಸೀಮೆಗೆ ರಾಗಿಯ ಬಿತ್ತನೆಯ ಕಾಲ. ಆದರೆ ಆಷಾಢ ಶುಕ್ಲಪಕ್ಷವು ೨೦೨೫ರಂತೆ ಜುಲೈ ಮೊದಲ ಭಾಗದಲ್ಲಿ, ಪುನರ್ವಸುವಿನಲ್ಲಿ ಬಂದರೆ ಹೇಳತಕ್ಕುದು ಒಂದು. ೨೦೨೬ರಂತೆ ಜುಲೈ ಕೊನೆಯಲ್ಲಿ, ಪುಷ್ಯದಲ್ಲಿ ಬಂದರೆ ಹೇಳತಕ್ಕುದು ಮತ್ತೊಂದು. ಮುಂಚೆ ಬಂದ ವರ್ಷ ನಾಲ್ಕು ತಿಂಗಳ ದೀರ್ಘಾವಧಿ ತಳಿಗೂ ಇನ್ನೂ ಅವಕಾಶವಿರುವುದು. ಹದವಾದ ಮಳೆ ಬಿದ್ದಿದ್ದರೆ ರೈತನನ್ನು ಅದರಿಂದ ತಡೆಯಬೇಕಾದುದಿಲ್ಲ. ತಡವಾಗಿ ಬಂದ ವರ್ಷ ಜಿ.ಪಿ.ಯು. ೨೮ರಂತಹ, ಬೆಂಕಿರೋಗವನ್ನು ತಡೆದುಕೊಳ್ಳುವ ಮಧ್ಯಮಾವಧಿ ತಳಿಯನ್ನೂ, ಮಳೆ ಇನ್ನೂ ಹಿಂದೆಬಿದ್ದಿದ್ದರೆ ಅದಕ್ಕಿಂತ ಬೇಗ ಕಟಾವಿಗೆ ಬರುವ ಅಲ್ಪಾವಧಿ ತಳಿಯನ್ನೂ ಮುಂದಿಡಬೇಕು. ದೀರ್ಘಾವಧಿ ರಾಗಿಯನ್ನು ಪುಷ್ಯ ಕಳೆದ ಮೇಲೆ ಬಿತ್ತಿದವನ ತೆನೆ ಹಾಲುತುಂಬುವ ಹೊತ್ತಿಗೆ ಚಿತ್ತೆ, ಸ್ವಾತಿಗಳು ಕೈಕೊಟ್ಟರೆ ಅವನಿಗೆ ಹುಲ್ಲಷ್ಟೇ ಉಳಿಯುವುದು. ಹಿಂದಿನ ವರ್ಷ ಮುದ್ರಿಸಿ ಮಿಕ್ಕ ಕರಪತ್ರಗಳನ್ನೇ ಮತ್ತೆ ಹಂಚಿದರೆ ಎಂತಹ ಹಾನಿಯಾದೀತೆಂಬುದು ಇದರಿಂದ ತಿಳಿಯುವುದು. ಮೇಲಾಗಿ, ಅಂದು ಹೇಳುವ ತಳಿಯ ಬೀಜವು ಅಂದೇ ರೈತ ಸಂಪರ್ಕ ಕೇಂದ್ರದ ದಾಸ್ತಾನಿನಲ್ಲಿರಬೇಕು. ಮಾತು ಮುಂದೆ ಬಂದು ಬೀಜ ಹದಿನೈದು ದಿನ ಹಿಂದೆ ಬಂದರೆ ಮುಂದಿನ ವರ್ಷ ಮಾತನ್ನೂ ಯಾರೂ ಕೇಳುವುದಿಲ್ಲ.

ಇನ್ನು ತಿಂಗಳು ತಿಂಗಳೂ ಬರುವ ಆಚರಣೆಗಳು. ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗಿಂತ ಇವು ವ್ಯವಸಾಯಕ್ಕೆ ಹೆಚ್ಚು ಉಪಯುಕ್ತವೆಂದು ಹೇಳಿದರೆ ತಪ್ಪಾಗದು. ಅರಸೀಕೆರೆಯ ಬಳಿ ಯಾದಾಪುರದ ಜೇನುಕಲ್ಲು ಸಿದ್ಧೇಶ್ವರಸ್ವಾಮಿಯ ಬೆಟ್ಟಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಸಹಸ್ರಾರು ಜನರು ಹರಕೆ ಹೊತ್ತು ಬರುವರು. ಅವರಲ್ಲಿ ತೆಂಗಿನ ತೋಟವಿಲ್ಲದವರು ವಿರಳ. ತೆಂಗಿಗೆ ಕಾಡುವ ಕಪ್ಪುತಲೆ ಹುಳುವಿನ ಹಾವಳಿ ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಅದನ್ನು ಅಡಗಿಸುವುದಕ್ಕೆ ಗೋನಿಯೋಜಸ್ ಎಂಬ ಸಣ್ಣ ಪರೋಪಜೀವಿ ಕಣಜವನ್ನು ಪ್ರಯೋಗಶಾಲೆಗಳಲ್ಲಿ ಬೆಳೆಸಿ ತೋಟಗಳಿಗೆ ಬಿಡುವ ಕ್ರಮವುಂಟು. ಅದನ್ನು ಒಮ್ಮೆ ಬಿಟ್ಟು ಸುಮ್ಮನಾದರೆ ಫಲವಿಲ್ಲ. ಹದಿನೈದು ದಿನಗಳ ಅಂತರದಲ್ಲಿ ಹಲವು ಸಲ ಬಿಡಬೇಕು. ಒಬ್ಬನ ತೋಟದಲ್ಲಿ ಬಿಟ್ಟು ನೆರೆಯವನು ಬಿಡದಿದ್ದರೂ ಫಲವಿಲ್ಲ. ಹುಳುವಿಗೆ ಬೇಲಿಯ ಗಣನೆಯಿಲ್ಲವಷ್ಟೆ. ಈ ಹದಿನೈದು ದಿನಗಳ ಲೆಕ್ಕವನ್ನು ತಾರೀಖಿನಲ್ಲಿ ಹೇಳಿದರೆ ಮರೆತುಹೋಗುವುದು. ಮಾಘ ಹುಣ್ಣಿಮೆಗೆ ಒಮ್ಮೆ, ಅಮಾವಾಸ್ಯೆಗೆ ಒಮ್ಮೆ, ಮರು ಹುಣ್ಣಿಮೆಗೆ ಇನ್ನೊಮ್ಮೆ ಎಂದರೆ ಮನೆಯ ಮುದುಕರೂ ಎಣಿಸಿ ಎಚ್ಚರಿಸುವರು. ಹುಣ್ಣಿಮೆಯ ದಿನ ಬೆಟ್ಟದ ಬುಡದಲ್ಲಿ ಹುಳು ತಿಂದ ಒಂದು ಗರಿಯನ್ನು ತೂಗುಹಾಕಿ, ಯಾವ ಗ್ರಾಮದಲ್ಲಿ ಎಷ್ಟು ತೋಟಗಳಿಗೆ ಬಿಟ್ಟಾಯಿತೆಂಬುದನ್ನು ಹಲಗೆಯ ಮೇಲೆ ಬರೆದಿಟ್ಟರೆ, ತಮ್ಮ ಊರಿನ ಹೆಸರು ಕಾಣದ ಮುಖಂಡರು ಮುಂದಿನ ಹುಣ್ಣಿಮೆಯೊಳಗೆ ತಾವೇ ಕಚೇರಿಗೆ ಬರುವರು.

ಸೋಮವಾರದ ವಿಷಯವೂ ಹೀಗೆಯೇ. ಹಲವು ಗ್ರಾಮಗಳಲ್ಲಿ ಬಸವಣ್ಣನ ವಾರವೆಂದು ಅಂದು ಎತ್ತಿಗೆ ನೊಗ ಹೂಡುವುದಿಲ್ಲ; ಅಮಾವಾಸ್ಯೆಯಂದೂ ಹೂಡುವುದಿಲ್ಲ. ಟ್ರಾಕ್ಟರುಗಳು ಬಂದ ಮೇಲೆ ಈ ಕಟ್ಟು ಸಡಿಲವಾಗಿದ್ದರೂ ಅಂದು ಮನೆಯಲ್ಲಿ ಸಿಕ್ಕುವವರು ಇತರ ದಿನಗಳಿಗಿಂತ ಹೆಚ್ಚು. ಆದರೂ ಗ್ರಾಮಸಭೆ, ತರಬೇತುಗಳನ್ನು ಉಳುಮೆಯ ದಿನದ ಹನ್ನೊಂದು ಗಂಟೆಗೆ ಕರೆದು, ಜನರು ಬರಲಿಲ್ಲವೆಂದು ವರದಿ ಬರೆಯುವುದು ಕಡಮೆಯಾಗಿಲ್ಲ.

ಸಂಕ್ರಾಂತಿಯು ಸೂರ್ಯನ ಹಬ್ಬವಾದುದರಿಂದ ಅದರ ತಾರೀಖು ಸರಿಯುವುದಿಲ್ಲ. ಸದಾ ಜನವರಿ ೧೪ ಇಲ್ಲವೆ ೧೫. ವರ್ಷವರ್ಷವೂ ಅದೇ ಹೊತ್ತಿಗೆ ಆಗಬೇಕಾದ ಕೆಲಸಗಳನ್ನು ಇದಕ್ಕೆ ಗಂಟುಹಾಕುವುದು ಲೇಸು. ಮಣ್ಣಿನ ಪರೀಕ್ಷೆಯು ಅಂತಹುದು. ಡಿಸೆಂಬರ್ ೫ರ ಮಣ್ಣಿನ ದಿನದಂದು ಅರಸೀಕೆರೆಯ ಹೊಲದಲ್ಲಿ ಇನ್ನೂ ರಾಗಿ ಕುಯ್ಲೋ ಮೆದೆಯೋ ಇರುವುದು. ಸಂಕ್ರಾಂತಿಯ ಹೊತ್ತಿಗೆ ಹೊಲ ಬಿಡುವಾಗಿ ಜನರೂ ಬಿಡುವಾಗಿರುವರು. ಹೊಲದ ಎಂಟು ಹತ್ತು ಕಡೆ ಆರು ಅಂಗುಲ ಆಳದ ಗುಳಿ ತೋಡಿ, ಮಣ್ಣನ್ನು ಬೆರೆಸಿ, ಅರ್ಧ ಕಿಲೋ ತೆಗೆದು ಚೀಟಿ ಕಟ್ಟಿ ಕಳುಹಿಸಿದರೆ, ಫಲಿತಾಂಶವನ್ನು ಬೇಲೂರು ತೇರಿನ ವೇಳೆಗೆ ರೈತನ ಕೈಗೆ ಕೊಡಬಹುದು. ಗೊಬ್ಬರ ಕೊಳ್ಳುವ ಮೊದಲೇ ಅವನಿಗೆ ಲೆಕ್ಕ ಸಿಕ್ಕುವುದು. ರಾಗಿ, ಅವರೆ, ತೊಗರಿಗಳನ್ನು ಬೀಜಕ್ಕಾಗಿ ಒಣಗಿಸಿ ಎತ್ತಿಡುವ ಕೆಲಸ ಹೆಂಗಸರದಾದುದರಿಂದ, ಬೀಜದ ಸಂರಕ್ಷಣೆಯ ಮಾತನ್ನು ಕಣದಲ್ಲಿ ಅವರೊಡನೆಯೇ ಆಡತಕ್ಕುದು. ದನಗಳಿಗೆ ಕಿಚ್ಚು ಹಾಯಿಸುವ ಸಂಭ್ರಮ ಮುಗಿದೊಡನೆ ದನಗಳ ಜಾತ್ರೆಗಳ ಕಾಲ ಬರುವುದು. ಲಸಿಕೆಯ ರಕ್ಷಣೆ ಹುಟ್ಟುವುದಕ್ಕೆ ಎರಡು ಮೂರು ವಾರಗಳಾದರೂ ಬೇಕಾದುದರಿಂದ ಕಾಲುಬಾಯಿ ಜ್ವರದ ಲಸಿಕೆಯನ್ನು ಜಾತ್ರೆಯ ಬಾಗಿಲಲ್ಲಿ ಹಾಕಿ ಪ್ರಯೋಜನವಿಲ್ಲ. ಮಾರ್ಗಶಿರದಲ್ಲಿಯೇ ಗ್ರಾಮ ಗ್ರಾಮಗಳಲ್ಲಿ ಮುಗಿಸಬೇಕು. ೨೦೨೨ರಲ್ಲಿ ಚರ್ಮಗಂಟು ರೋಗವು ಹಬ್ಬಿ ದನಗಳ ಸಂತೆ ಜಾತ್ರೆಗಳಿಗೆ ತಡೆಯಾದುದನ್ನು ಯಾರೂ ಮರೆತಿರಲಾರರು.

ಹಳೇಬೀಡಿನ ಪರಿಸ್ಥಿತಿ ಬೇರೆ ತೆರದ್ದು. ಬೇಲೂರಿಗೆ ಹದಿನಾರು ಕಿಲೋಮೀಟರ್ ದೂರದ ಆ ಊರಿಗೆ ಜನರು ಹೆಚ್ಚಾಗಿ ಬರುವುದು ತಿಥಿಯನ್ನು ನೋಡಿಕೊಂಡಲ್ಲ, ರಜೆಯನ್ನು ನೋಡಿಕೊಂಡು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ೨೦೨೩ರ ಸೆಪ್ಟೆಂಬರ್ ೧೮ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದಸರೆಯಿಂದ ಸಂಕ್ರಾಂತಿಯವರೆಗೆ, ಗಾಂಧಿ ಜಯಂತಿ, ರಾಜ್ಯೋತ್ಸವ, ಕ್ರಿಸ್‌ಮಸ್ ರಜೆಗಳಲ್ಲಿ, ಶಾಲೆಗಳ ಪ್ರವಾಸದ ದಿನಗಳಲ್ಲಿ ಅಲ್ಲಿ ಸೇರುವವರು ರೈತರಲ್ಲ, ಕೊಳ್ಳುವವರು. ಇಲ್ಲಿ ಬೇಕಾದುದು ಉಪದೇಶದ ಪ್ರಚಾರವಲ್ಲ, ಮಾರಾಟದ ಪ್ರಚಾರ. ಬೇಲೂರು ಸೀಮೆಯ ಕಾಫಿಪುಡಿ, ಮೆಣಸು, ಅರಸೀಕೆರೆಯ ಉಂಡೆ ಕೊಬ್ಬರಿ, ರಾಗಿ ಹುರಿಹಿಟ್ಟು ಇವುಗಳನ್ನು ಕಾಲು ಕಿಲೋ, ಅರ್ಧ ಕಿಲೋ ಪೊಟ್ಟಣಗಳಲ್ಲಿ, ತೂಕವನ್ನೂ ಊರಿನ ಹೆಸರನ್ನೂ ನಮೂದಿಸಿ, ಆಹಾರ ಸುರಕ್ಷತೆಯ ಪರವಾನಗಿಯೊಡನೆ ರೈತ ಉತ್ಪಾದಕ ಸಂಸ್ಥೆಗಳ ಮೂಲಕ ಇಟ್ಟರೆ ಮಧ್ಯವರ್ತಿಯ ಪಾಲು ಉಳಿಯುವುದು. ದೇವಾಲಯದ ಆವರಣದಲ್ಲಿ ಅಂಗಡಿ ಹೂಡುವಂತಿಲ್ಲ, ಹೂಡಲೂಬಾರದು. ಹೊರಗೆ ಪಂಚಾಯಿತಿಯು ಸ್ಥಳ ಗೊತ್ತುಮಾಡಬೇಕು. ರಜೆಗಳ ಪಟ್ಟಿಯನ್ನು ಸರ್ಕಾರವು ವರ್ಷಾರಂಭಕ್ಕೆ ಮುಂಚೆಯೇ ಪ್ರಕಟಿಸುವುದರಿಂದ ಸರಕು ಸಿದ್ಧಪಡಿಸುವುದಕ್ಕೆ ವೇಳೆ ಇಲ್ಲವೆಂಬ ನೆಪವೂ ಇಲ್ಲ.

ಕೆಲವು ದಿನಗಳನ್ನು ಅವುಗಳ ಪಾಡಿಗೆ ಬಿಡಬೇಕೆಂಬುದನ್ನೂ ಹೇಳುವುದು ಅವಶ್ಯ. ಗೌರಿಹಬ್ಬ ತವರಿಗೆ ಬಂದ ಹೆಣ್ಣುಮಕ್ಕಳ ಹಬ್ಬ; ಅಲ್ಲಿಗೆ ಧ್ವನಿವರ್ಧಕವನ್ನು ಕೊಂಡೊಯ್ಯುವುದು ಅನುಚಿತ. ಪಿತೃಪಕ್ಷವೂ ಹಾಗೆಯೇ. ಮುಸಲ್ಮಾನ ರೈತರೂ ಕೊಬ್ಬರಿ ವ್ಯಾಪಾರಿಗಳೂ ಇರುವ ಊರುಗಳಲ್ಲಿ ರಂಜಾನಿನ ಉಪವಾಸದ ಹಗಲಿನಲ್ಲಿ ಸಭೆ ಕರೆಯಬಾರದು. ಆ ಮಾಸಕ್ಕೆ ಅಧಿಕಮಾಸದ ತಿದ್ದುಪಾಟಿಲ್ಲದುದರಿಂದ ಅದು ವರ್ಷಕ್ಕೆ ಹನ್ನೊಂದು ದಿನಗಳಂತೆ ಹಿಂದೆ ಸರಿಯುತ್ತಲೇ ಇರುವುದೆಂಬುದನ್ನು ಪಟ್ಟಿ ಬರೆಯುವವರು ನೆನಪಿಡಬೇಕು. ಒಂದು ಜಾತ್ರೆಗೆ ಒಂದೇ ವಿಷಯವೆಂಬ ಕಟ್ಟುಪಾಡೂ ಬೇಕು. ಹತ್ತು ಇಲಾಖೆಗಳು ಹತ್ತು ಮಳಿಗೆಗಳನ್ನು ಹಾಕಿದರೆ ಜನರು ಎಲ್ಲವನ್ನೂ ನೋಡಿ ಯಾವುದನ್ನೂ ಕಾಣದೆ ಹೋಗುವರು.

ಈ ಪಟ್ಟಿಯನ್ನು ಬರೆಯುವುದು ಎಂದು ಎಂಬ ಪ್ರಶ್ನೆಗೆ ಊರಿನ ಸಂಪ್ರದಾಯದಲ್ಲಿಯೇ ಉತ್ತರವಿದೆ. ಯುಗಾದಿಯಂದು ಹೊನ್ನಾರು ಹೂಡುವುದಕ್ಕೆ ಮುಖಂಡರು ಸೇರುವರು. ಪಂಚಾಂಗ ಶ್ರವಣದಲ್ಲಿ ಮಳೆ ಬೆಳೆಗಳ ಫಲವನ್ನು ಕೇಳುವರು. ಸರ್ಕಾರದ ಲೆಕ್ಕದ ವರ್ಷವೂ ಏಪ್ರಿಲ್ ೧ಕ್ಕೆ, ಬಹುಮಟ್ಟಿಗೆ ಅದೇ ದಿನಗಳಲ್ಲಿ, ಆರಂಭವಾಗುವುದು. ಅಂದೇ ಒಂದು ಹಾಳೆಯಲ್ಲಿ ಎಡಕ್ಕೆ ಹೋಬಳಿಯ ಜಾತ್ರೆ, ಹುಣ್ಣಿಮೆ, ರಜೆಗಳನ್ನೂ, ಬಲಕ್ಕೆ ಆ ದಿನ ನಡೆಯುವ ಮಳೆ ನಕ್ಷತ್ರವನ್ನೂ, ಅದರ ಮುಂದೆ ಹದಿನೈದು ದಿನಗಳಲ್ಲಿ ಹೊಲದಲ್ಲಿ ಆಗಬೇಕಾದ ಕೆಲಸವನ್ನೂ ಬರೆದು ಒಂದು ಪ್ರತಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟರೆ, ಹಣವೆಲ್ಲ ಮಾರ್ಚಿಯಲ್ಲಿ ಖರ್ಚಾಗಬೇಕೆಂದು ಒಂದೇ ತಿಂಗಳಲ್ಲಿ ನಾಲ್ಕು ಮೇಳಗಳನ್ನು ನಡೆಸುವ ಪ್ರಮೇಯ ಬಾರದು.

ಪರಾಭವ ಸಂವತ್ಸರದ ಹಾಳೆಯಲ್ಲಿ ಒಂದು ವಿಶೇಷವುಂಟು. ೨೦೨೬ರ ಮೇ ೧೭ರಿಂದ ಜೂನ್ ೧೫ರವರೆಗೆ ಅಧಿಕ ಜ್ಯೇಷ್ಠ. ಮದುವೆ, ಗೃಹಪ್ರವೇಶಗಳು ನಡೆಯುವುದಿಲ್ಲ. ಸಾಮಾನ್ಯವಾಗಿ ಲಗ್ನದ ಓಡಾಟದಲ್ಲಿ ಕೈಗೆ ಸಿಕ್ಕದ ಜನರು ಕೃತ್ತಿಕೆಯ ಕೊನೆಯಿಂದ ಮೃಗಶಿರದವರೆಗೂ ಊರಿನಲ್ಲಿಯೇ ಇರುವರು. ಆ ಅವಧಿಯಲ್ಲಿ ಬೀಳುವ ಸೋಮವಾರಗಳು ಐದು: ಮೇ ೧೮, ೨೫, ಜೂನ್ ೧, ೮, ೧೫, ಕೊನೆಯದು ಅಮಾವಾಸ್ಯೆಯೂ ಹೌದು. ಮೊದಲಿನ ಎರಡನ್ನು ಹಳೇಬೀಡು, ಬೇಲೂರು ಕಡೆಯ ಆಲೂಗೆಡ್ಡೆಯ ಗ್ರಾಮಗಳಿಗೂ, ಉಳಿದ ಮೂರನ್ನು ತೆಂಗಿನ ಮೊದಲ ಕಂತಿನ ಗೊಬ್ಬರಕ್ಕೂ ರಾಗಿಯ ತಳಿಯ ಆಯ್ಕೆಗೂ ಅರಸೀಕೆರೆಯ ಗ್ರಾಮಗಳಿಗೂ ಮೀಸಲಿಡಬಹುದು.